ಮನೆಯಲ್ಲೇ ಬ್ರೆಡ್: ಮೊದಲು ಕಣಕದ ಹದ

ಮನೆಯಲ್ಲಿ ಬ್ರೆಡ್ ಮಾಡಲು ಹೊರಟವರು ಸಾಮಾನ್ಯವಾಗಿ ಓವನ್ನಿನ ಬಗ್ಗೆಯೇ ಚಿಂತಿಸುತ್ತಾರೆ. ಆದರೆ ಬ್ರೆಡ್ ಕೆಡುವುದು ಬಹುಮಟ್ಟಿಗೆ ಹಿಟ್ಟು ಕಲಸುವ ಪಾತ್ರೆಯಲ್ಲೇ. ಚಪಾತಿ ಹಿಟ್ಟು ನಾದಿ ಪಳಗಿದ ಕೈ, ಹಿಟ್ಟು ಬೆರಳಿಗೆ ಅಂಟಿದ ಕೂಡಲೇ ಇನ್ನೊಂದು ಹಿಡಿ ಒಣಹಿಟ್ಟನ್ನು ಉದುರಿಸುತ್ತದೆ, ಮತ್ತು ಬ್ರೆಡ್ಡನ್ನು ಇಟ್ಟಿಗೆಯಂತೆ ಮಾಡುವುದು ಆ ಒಂದು ಹಿಡಿಯೇ. ಬ್ರೆಡ್ಡಿನ ಹಿಟ್ಟು ಚಪಾತಿಯದಕ್ಕಿಂತ ಸಡಿಲವಾಗಿ, ಹೋಳಿಗೆಯ ಕಣಕದ ಹದಕ್ಕೆ ಹತ್ತಿರವಾಗಿರಬೇಕು.

ಒಂದು ಬ್ರೆಡ್ಡಿಗೆ 400 ಗ್ರಾಂ ಮೈದಾ, ಸುಮಾರು 260 ಮಿಲಿಲೀಟರ್ ನೀರು, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 8 ಗ್ರಾಂ ಉಪ್ಪು, ಎರಡೆರಡು ಚಮಚ ಸಕ್ಕರೆ ಮತ್ತು ಎಣ್ಣೆ ಸಾಕು. ಲೋಟದ ಅಳತೆಗಿಂತ ತಕ್ಕಡಿಯನ್ನು ನಂಬುವುದು ಒಳ್ಳೆಯದು. ಗೋಧಿಹಿಟ್ಟು ಬೇಕೆನ್ನುವವರು ಮೊದಲ ಸಲ ಅರ್ಧದಷ್ಟನ್ನು ಮಾತ್ರ ಸೇರಿಸಲಿ. ಗಿರಣಿಯ ಹಿಟ್ಟು ಹೆಚ್ಚು ನೀರು ಕುಡಿಯುತ್ತದೆ, ಅದರಲ್ಲಿರುವ ತೌಡು, ಹಿಟ್ಟನ್ನು ಹಿಗ್ಗುವಂತೆ ಮಾಡುವ ಗ್ಲುಟೆನ್ ಎಂಬ ಅಂಟಿನ ಎಳೆಗಳನ್ನು ಕಡಿಯುವುದರಿಂದ ಬ್ರೆಡ್ ಅಷ್ಟಾಗಿ ಉಬ್ಬುವುದಿಲ್ಲ.

ನೀರು ಉಗುರುಬೆಚ್ಚಗಿರಬೇಕು. ಯೀಸ್ಟ್ ಜೀವವಿರುವ ವಸ್ತು. 60 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಅದು ಸತ್ತುಹೋಗುತ್ತದೆ. ಮೊದಲ ಸಲ ನಾನು ಕುದಿಸಿ ಇಳಿಸಿದ ನೀರನ್ನು ಅವಸರದಲ್ಲಿ ಸುರಿದಿದ್ದೆ, ಮೂರು ಗಂಟೆ ಕಾದರೂ ಹಿಟ್ಟು ಮಿಸುಕಲಿಲ್ಲ. ಪೊಟ್ಟಣ ಹಳೆಯದಾಗಿದ್ದರೆ ಯೀಸ್ಟನ್ನು ಸಕ್ಕರೆ ಬೆರೆಸಿದ ನೀರಿಗೆ ಹಾಕಿ ನೋಡಿ. ಹತ್ತು ನಿಮಿಷದಲ್ಲಿ ನೊರೆ ಏಳದಿದ್ದರೆ ಅದನ್ನು ಬಳಸಬಾರದು.

ಎಲ್ಲವನ್ನೂ ಕಲಸಿ ಹತ್ತು ನಿಮಿಷ ಮುಚ್ಚಿಟ್ಟರೆ ಹಿಟ್ಟು ನೀರನ್ನು ಹೀರಿಕೊಂಡು, ಕೈಗೆ ಅಂಟುವುದು ತಾನಾಗಿಯೇ ಕಡಿಮೆಯಾಗುತ್ತದೆ. ಅನಂತರ ಅಂಗೈಯ ಬುಡದಿಂದ ಮುಂದಕ್ಕೆ ಒತ್ತಿ, ಮಡಚಿ, ತಿರುಗಿಸುತ್ತ ಹತ್ತು ನಿಮಿಷ ನಾದಬೇಕು. ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಮೆಲ್ಲಗೆ ಹಿಗ್ಗಿಸಿ ಬೆಳಕಿಗೆ ಹಿಡಿದಾಗ, ಅದು ಹರಿಯದೆ, ಆಚೆಯ ಬೆರಳಿನ ನೆರಳು ಕಾಣುವಷ್ಟು ತೆಳುವಾದ ಪೊರೆಯಾದರೆ ನಾದಿದ್ದು ಸಾಕು. ಯೀಸ್ಟ್ ಹೊರಬಿಡುವ ಗಾಳಿಯನ್ನು ಹಿಡಿದಿಡುವುದು ಇದೇ ಪೊರೆ.

ಎಣ್ಣೆ ಸವರಿದ ಪಾತ್ರೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ, ಹಿಟ್ಟು ಎರಡರಷ್ಟಾಗುವವರೆಗೆ ಕಾಯಿರಿ. ಗಡಿಯಾರವನ್ನಲ್ಲ, ಹಿಟ್ಟನ್ನು ನೋಡಬೇಕು: ಕಲಬುರಗಿಯ ಮೇ ತಿಂಗಳಲ್ಲಿ ಮುಕ್ಕಾಲು ಗಂಟೆಯಲ್ಲಿ ಆಗುವ ಕೆಲಸಕ್ಕೆ ಬೆಂಗಳೂರಿನ ಡಿಸೆಂಬರಿನಲ್ಲಿ ಎರಡು ಗಂಟೆ ಹಿಡಿಯಬಹುದು. ಉಬ್ಬಿದ ಹಿಟ್ಟನ್ನು ತಟ್ಟಿ, ಚಾಪೆಯಂತೆ ಬಿಗಿಯಾಗಿ ಸುತ್ತಿ, ಅಂಚು ಕೆಳಗಾಗುವಂತೆ ಎಣ್ಣೆ ಸವರಿದ ಬ್ರೆಡ್ ಟಿನ್ನಿನಲ್ಲಿಟ್ಟು ಮತ್ತೆ ಉಬ್ಬಲು ಬಿಡಿ. ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ ಅರ್ಧದಷ್ಟು ಮೇಲೆದ್ದರೆ ಬೇಯಿಸುವ ಹದ ಬಂದಿದೆ.

ಮೊದಲೇ 200 ಡಿಗ್ರಿಗೆ ಕಾಯಿಸಿಟ್ಟ ಓವನ್ನಿನ ಕೆಳಗಿನ ಅಂತಸ್ತಿನಲ್ಲಿ 30ರಿಂದ 35 ನಿಮಿಷ ಬೇಯಿಸಿ. ಟಿನ್ನಿನಿಂದ ತೆಗೆದು ತಳವನ್ನು ತಟ್ಟಿದಾಗ ಟೊಳ್ಳು ಸದ್ದು ಬರಬೇಕು. ಬಿಸಿಯಾಗಿರುವಾಗಲೇ ಕತ್ತರಿಸುವ ಆಸೆ ಸಹಜವಾದರೂ, ಒಳಗಿನ ತಿರುಳು ಇನ್ನೂ ಗಟ್ಟಿಯಾಗಿರದೆ ಚಾಕುವಿಗೆ ಅಂಟುವುದರಿಂದ ಜಾಲರಿಯ ಮೇಲೆ ಒಂದು ಗಂಟೆಯಾದರೂ ಆರಲು ಬಿಡಿ. ಉಳಿದದ್ದನ್ನು ಫ್ರಿಡ್ಜಿನಲ್ಲಿಟ್ಟರೆ ಬೇಗ ಒರಟಾಗುತ್ತದೆ. ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ.