ಕಡಿಮೆ ರೇಟಿನ ಪ್ರೋಟೀನ್ ಸ್ಕಿಮ್ಮರ್ ತಗೊಳ್ಳೋದು ಹೇಗೆ? ಡಬ್ಬಿ ಬಿಡಿ, ಪಂಪ್ ನೋಡಿ

ಉಪ್ಪುನೀರಿನ ಮೀನಿನ ಟ್ಯಾಂಕಿಂದ ಗಲೀಜನ್ನ ನೊರೆ ಮಾಡಿ ತೆಗೆಯೋ ಯಂತ್ರವೇ ಪ್ರೋಟೀನ್ ಸ್ಕಿಮ್ಮರ್. ಅದನ್ನ ತರೋಕೆ ಮುಂಬೈನ ಕ್ರಾಫರ್ಡ್ ಮಾರ್ಕೆಟ್‌ಗೋ ಕುರ್ಲಾಗೋ ಹೋಗೋ ಮುಂಚೆ ಮನೇಲೇ ಟ್ಯಾಂಕ್ ಲೆಕ್ಕ ಹಾಕ್ಕೊಳ್ಳಿ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 1000ದಿಂದ ಭಾಗಿಸಿದ್ರೆ ಲೀಟರ್ ಬರುತ್ತೆ, 90-45-45 ಟ್ಯಾಂಕ್ ಅಂದ್ರೆ ಸುಮಾರು 182 ಲೀಟರ್. ಡೊಂಬಿವಲಿ, ಚೆಂಬೂರಿನ ಸಣ್ಣ ಫ್ಲಾಟಲ್ಲಿ 50-60 ಲೀಟರ್ ಟ್ಯಾಂಕು, ಅದ್ರಲ್ಲಿ ಎರಡೇ ಕ್ಲೌನ್ ಫಿಶ್ ಇಟ್ಟಿದ್ದೀರಾ? ಹಾಗಿದ್ರೆ ಸ್ಕಿಮ್ಮರೇ ಬೇಡ, ವಾರಕ್ಕೊಮ್ಮೆ ನೂರಕ್ಕೆ 10-15 ಭಾಗ ನೀರು ಬದಲಾಯಿಸಿ, ಆ ದುಡ್ಡಲ್ಲಿ ಟ್ಯಾಂಕಿನ ನೀರಿಗೆ ಒಳ್ಳೆ ಮರೈನ್ ಉಪ್ಪು ತಗೊಳ್ಳಿ.

ದೊಡ್ಡ ಟ್ಯಾಂಕ್‌ಗೆ ಮಾತ್ರ ಇದು ನಿಜವಾಗ್ಲೂ ಬೇಕು. ಬೇಳೆ ಕುದಿಯೋವಾಗ ಮೇಲೆ ಬರೋ ನೊರೆ ತೆಗೀತೀವಲ್ಲ, ಕೆಲಸ ಹೆಚ್ಚುಕಮ್ಮಿ ಅದೇ: ಮೀನಿನ ಗಲೀಜು, ಉಳಿದ ಊಟದ ಅಂಶ ಸಣ್ಣ ಗುಳ್ಳೆಗಳಿಗೆ ಅಂಟ್ಕೊಂಡು ನೊರೆಯಾಗಿ ಮೇಲಿನ ಕಪ್‌ಗೆ ಬೀಳುತ್ತೆ, ಕೊಳೆತು ನೈಟ್ರೇಟ್ ಆಗೋ ಮುಂಚೆನೇ ಆಚೆ ಹೋಗುತ್ತೆ. ಜೊತೆಗೆ ನೀರಿಗೆ ಆಕ್ಸಿಜನ್ನೂ ಸಿಗುತ್ತೆ, ಮೇ ತಿಂಗಳ ನಮ್ಮ ಸೆಕೆಗೆ ಇದು ದೊಡ್ಡ ಉಪಕಾರ, ಯಾಕಂದ್ರೆ ಬಿಸಿ ನೀರಲ್ಲಿ ಆಕ್ಸಿಜನ್ ಕಡಿಮೆ ಇರುತ್ತೆ.

ಈಗ ಮುಖ್ಯ ವಿಷ್ಯ. ಡಬ್ಬಿ ಮೇಲೆ 200 ಲೀಟರ್ ಅಂತ ಬರ್ದಿದ್ರೆ ಅದು ಸಾಮಾನ್ಯವಾಗಿ ಮೀನು ಕಡಿಮೆ ಇರೋ ಟ್ಯಾಂಕಿನ ಲೆಕ್ಕ, ನಿಮ್ಮ ಲೀಟರ್‌ಗಿಂತ ಒಂದೂವರೆ ಪಟ್ಟು ಬರ್ದಿರೋದನ್ನ ನೋಡಿ, ಆದ್ರೆ ಮೂರು-ನಾಲ್ಕು ಪಟ್ಟು ದೊಡ್ಡದೂ ಬೇಡ, ಗಲೀಜು ಸಾಲದೆ ನೊರೆ ಕಪ್ ಕೆಳಗಿನ ಕತ್ತಿನವರೆಗೆ ಏರೋದೇ ಇಲ್ಲ. ಆಮೇಲೆ ಅಂಗಡಿಯವ್ರ ಹತ್ರ ಪಂಪ್ ಬಿಚ್ಚಿ ತೋರ್ಸಿ ಅನ್ನಿ, ನಾಚ್ಕೋಬೇಡಿ. ಒಳಗೆ ತಿರುಗೋ ಚಕ್ರಕ್ಕೆ ಸಾಲು ಸಾಲು ಸಣ್ಣ ಮುಳ್ಳುಗಳಿರ್ಬೇಕು, ಅದೇ ನೀಡಲ್ ವೀಲ್, ಗಾಳೀನ ಪುಡಿ ಮಾಡೋದು ಅದೇ. ಒಂದೂ ಮುಳ್ಳು ಮುರ್ದಿರ್ಬಾರ್ದು. ಬೆರಳಲ್ಲಿ ತಿರುಗಿಸಿ ನೋಡಿ, ಎಲ್ಲೂ ತಾಗ್ದೆ ಸಲೀಸಾಗಿ ತಿರುಗ್ಬೇಕು. ಈ ಚಕ್ರ, ಅಂದ್ರೆ ಇಂಪೆಲ್ಲರ್, ಬಿಡಿಯಾಗಿ ಸಿಗುತ್ತಾ ಅಂತ ಕೇಳಿ, ಸಿಗಲ್ಲ ಅಂದ್ರೆ ಎಷ್ಟೇ ಚೀಪ್ ಇದ್ರೂ ನಾನು ತಗೋಬೇಡಿ ಅಂತೀನಿ. ಪಂಪ್ 220-240 ವೋಲ್ಟ್, 50 ಹರ್ಟ್ಸ್ ಇದ್ಯಾ ಅಂತಾನೂ ನೋಡಿ.

ಎಲ್ಲಕ್ಕಿಂತ ಅಗ್ಗದ್ದು ಏರ್ ಪಂಪ್, ಮರದ ಏರ್ ಸ್ಟೋನ್ (ಗಾಳೀನ ಗುಳ್ಳೆಯಾಗಿ ಬಿಡೋ ತುಂಡು) ಹಾಕಿ ಓಡ್ಸೋ ಸ್ಕಿಮ್ಮರ್. ಗುಳ್ಳೆ ಚೆನ್ನಾಗೇ ಬರುತ್ತೆ, ಆದ್ರೆ ಆ ಮರದ ತುಂಡು ಬೇಗ ಕಟ್ಕೊಳ್ಳುತ್ತೆ, ಮತ್ತೆ ಮತ್ತೆ ಬದಲಾಯಿಸ್ಬೇಕು.

ಸಾಧ್ಯ ಆದ್ರೆ ಅಂಗಡೀಲೇ ಉಪ್ಪುನೀರಲ್ಲಿ ಓಡ್ಸಿ ನೋಡಿ (ಸಿಹಿನೀರಲ್ಲಿ ಗುಳ್ಳೆ ದಪ್ಪ ಆಗುತ್ತೆ, ಏನೂ ಗೊತ್ತಾಗಲ್ಲ), ಒಳಗಿನ ನೀರು ಹಾಲಿನ ಬಣ್ಣಕ್ಕೆ ತಿರುಗ್ಬೇಕು. ಸದ್ದೂ ಕೇಳಿ, ಹಾಲ್‌ನಲ್ಲೇ ಮಲಗೋ ಮನೆಗಳಿಗೆ ಇದು ಸಣ್ಣ ವಿಷ್ಯ ಅಲ್ಲ. ಸಂಪ್ (ಟ್ಯಾಂಕ್ ಕೆಳಗೆ ಇಡೋ ಫಿಲ್ಟರ್ ತೊಟ್ಟಿ) ಒಳಗೆ ಇಡೋದಾದ್ರೆ ಎತ್ತರ ಅಳೀರಿ, ಕಪ್ ಮೇಲಕ್ಕೆ ಎತ್ತಿ ತೆಗಿಯೋಕೂ ಜಾಗ ಬೇಕು. ಕರೆಂಟ್ ಖರ್ಚು ಅಷ್ಟೇನಿಲ್ಲ, 10 ವ್ಯಾಟ್ ಪಂಪ್ ದಿನವಿಡೀ ಓಡಿದ್ರೆ ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ.

ತಂದ್ಮೇಲೆ ಒಂದೆರಡು ವಾರ ಸುಮ್ನೆ ಓಡಕ್ಕೆ ಬಿಡಿ, ಹೊಸದು ಮೊದ್ಲು ಹುಚ್ಚುಚ್ಚಾಗಿ ನೊರೆ ಕಾರಬಹುದು, ಇಲ್ಲಾ ಏನೂ ಕೊಡದೇ ಇರಬಹುದು. ಸಂಪ್ ನೀರಿನ ಮಟ್ಟ ಒಂದೇ ಥರ ಇರ್ಲಿ. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಟ್ಯಾಂಕ್ ನೀರು ಸಂಪ್‌ಗೆ ಇಳಿದು ಮಟ್ಟ ಏರುತ್ತೆ, ಕರೆಂಟ್ ಬಂದ ತಕ್ಷಣ ಕಪ್ ತುಂಬಿ ಚೆಲ್ಲಬಹುದು, ಅದಕ್ಕೇ ನೀರು ಇಳಿದು ಸರಿಹೋಗೋವರೆಗೂ ಸ್ಕಿಮ್ಮರ್ ಸ್ವಿಚ್ ಆಫ್ ಇರ್ಲಿ. ಕತ್ತಿನ ಒಳಗಿನ ಜಿಡ್ಡು ವಾರಕ್ಕೊಮ್ಮೆ ಒರೆಸಿ, ಕೆಲವು ತಿಂಗಳಿಗೊಮ್ಮೆ ಪಂಪನ್ನ ನೀರು ಬೆರೆಸಿದ ವಿನೆಗರ್‌ನಲ್ಲಿ ನೆನೆಹಾಕಿ ತೊಳೀರಿ, ಸೋಪು ಮಾತ್ರ ಮುಟ್ಟಿಸ್ಬೇಡಿ.