ಕನ್ನಡಕ ತೆಗೆಸಬೇಡಿ, ಲೈಟು ಸರಿಸಿ

ಆ ತಾಯಿ ಸ್ಟುಡಿಯೋ ಬಾಗಿಲಲ್ಲೇ ನಿಂತು ಮಗಳ ಐಡಿ ಕಾರ್ಡನ್ನು ನನ್ನ ಕೈಗೆ ಕೊಟ್ಟರು. "ಇದ್ರಲ್ಲಿ ನನ್ ಮಗಳು ಕಾಣ್ತಾಳಾ? ನೀವೇ ನೋಡಿ ಅಣ್ಣಾ" ಅಂದರು. ಕೋಪದಿಂದ ಕೇಳಲಿಲ್ಲ. ಬೇಜಾರಿನಿಂದ ಕೇಳಿದರು.

ಕಾರ್ಡ್ ನೋಡಿದೆ. ಎರಡನೇ ಕ್ಲಾಸಿನ ಹುಡುಗಿ. ಎರಡು ಜಡೆ, ಬಿಳಿ ರಿಬ್ಬನ್. ಕನ್ನಡಕ ಇಲ್ಲ. ಎಡಗಣ್ಣಿನ ಗುಡ್ಡೆ ಮೂಗಿನ ಕಡೆ ತಿರುಗಿಬಿಟ್ಟಿತ್ತು. ಕನ್ನಡಕ ತೆಗೆಸಿದ್ದು ನಾನೇ. ಶಾಲೆಯಲ್ಲಿ ಆವತ್ತು 300ಕ್ಕೂ ಜಾಸ್ತಿ ಮಕ್ಕಳಿದ್ದರು. ಫ್ಲಾಶ್ ಹೊಡೆದರೆ ಗ್ಲಾಸ್ ಮೇಲೆ ಬಿಳಿ ಚುಕ್ಕೆ ಬರುತ್ತದೆ ಅಂತ ಕನ್ನಡಕ ಹಾಕಿದವರನ್ನೆಲ್ಲ "ತೆಗೆದು ಕೈಯಲ್ಲಿ ಇಟ್ಕೋ ಪುಟ್ಟಾ" ಅನ್ನುತ್ತಾ ಬಂದಿದ್ದೆ.

ಆ ತಾಯಿಯೇ ನನಗೆ ವಿಷಯ ತಿಳಿಸಿದ್ದು. ಮಗುವಿಗೆ ಪ್ಲಸ್ ನಂಬರ್ ಇತ್ತು. ಪ್ಲಸ್ ನಂಬರ್ ಇರುವ ಮಗು ಕನ್ನಡಕ ಇಲ್ಲದೆ ನೋಡಬೇಕಾದರೆ ಕಣ್ಣಿನ ಮೇಲೆ ಜಾಸ್ತಿ ಜೋರು ಹಾಕಬೇಕು. ಕೆಲವು ಮಕ್ಕಳಲ್ಲಿ ಆ ಜೋರಿಗೆ ಒಂದು ಕಣ್ಣು ಒಳಗೆ ಎಳೆದುಕೊಳ್ಳುತ್ತದೆ. ಕನ್ನಡಕ ಹಾಕಿದರೆ ಆ ಜೋರು ಬೇಕಾಗುವುದಿಲ್ಲ, ಕಣ್ಣು ನೇರ ನಿಲ್ಲುತ್ತದೆ. ಅಂದರೆ ಆ ಹುಡುಗಿಯ ನಿಜವಾದ ಮುಖ ಕನ್ನಡಕ ಹಾಕಿದ ಮುಖವೇ. ಅದನ್ನು ನಾನು ತೆಗೆಸಿದ್ದೆ. ಮೆಳ್ಳೆಗಣ್ಣು ಅಂತ ಯಾರೂ ಕರೆಯದೇ ಇದ್ದ ಮಗುವಿನ ಕೊರಳಿಗೆ ವರ್ಷಪೂರ್ತಿ ಆ ಫೋಟೋ ನೇತು ಹಾಕಿದ್ದೆ. ಅವತ್ತೇ ಹುಡುಗಿಯನ್ನು ಕರೆಸಿ ಬೇರೆ ಫೋಟೋ ತೆಗೆದು ಹೊಸ ಕಾರ್ಡ್ ಮಾಡಿಸಿಕೊಟ್ಟೆ. ಆದರೆ ಮನಸ್ಸಿಗೆ ಸಮಾಧಾನ ಆಗಲಿಲ್ಲ.

ಸಾಗರದ ಸುತ್ತಮುತ್ತಲ ಶಾಲೆಗಳಲ್ಲಿ 19 ವರ್ಷದಿಂದ ಫೋಟೋ ತೆಗೆಯುತ್ತಿದ್ದೇನೆ. ಜೂನ್, ಜುಲೈನಲ್ಲಿ ಐಡಿ ಕಾರ್ಡ್ ಫೋಟೋ. ಜನವರಿ ಕಳೆದ ಮೇಲೆ ಎಸ್ಸೆಸ್ಸೆಲ್ಸಿ ಮಕ್ಕಳ ಗ್ರೂಪ್ ಫೋಟೋ. ಮೊದಲೆಲ್ಲ ಒಂದು ಕ್ಲಾಸಿಗೆ ಒಬ್ಬರೋ ಇಬ್ಬರೋ ಕನ್ನಡಕದವರು. ಈಗ ನಾನು ಹೋಗುವ ಕೆಲವು ಕ್ಲಾಸುಗಳಲ್ಲಿ ಎಂಟು ಹತ್ತು ಮಕ್ಕಳು ಇರುತ್ತಾರೆ. ಸರ್ಕಾರಿ ಶಾಲೆಗಳಿಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು ಬಂದು ಮಕ್ಕಳ ಆರೋಗ್ಯ ನೋಡುವಾಗ ಕಣ್ಣನ್ನೂ ನೋಡುತ್ತಾರೆ. ಮೊದಲಾದರೆ ಯಾರಿಗೂ ಗೊತ್ತಾಗದೆ ಹಿಂದಿನ ಬೆಂಚಲ್ಲಿ ಕೂತಿರುತ್ತಿದ್ದ ಮಕ್ಕಳಿಗೂ ಈಗ ಕನ್ನಡಕ ಸಿಗುತ್ತಿದೆ. ಒಳ್ಳೆಯದೇ ಅಲ್ವಾ? ಅಷ್ಟು ಕಷ್ಟಪಟ್ಟು ಮಗುವಿನ ಮೂಗಿನ ಮೇಲೆ ಬಂದು ಕೂತ ಕನ್ನಡಕವನ್ನು ಫೋಟೋದವನು ಒಂದು ಮಾತಿನಲ್ಲಿ ತೆಗೆಸಬಾರದು.

ಮೊದಲು ನಾನು ಮಾಡಿದ ಪ್ರಯತ್ನಗಳು ಸುಮಾರು ಕೈಕೊಟ್ಟವು. ಪೋಲರೈಸರ್ ಫಿಲ್ಟರ್ ತಂದೆ. ಕೆರೆ ನೀರಿನ ಹೊಳಪನ್ನು ಅದು ಚೆನ್ನಾಗಿ ತೆಗೆಯುತ್ತದೆ, ಕನ್ನಡಕದ್ದನ್ನೂ ತೆಗೆಯಬೇಕು ಅಂದುಕೊಂಡೆ. ತೆಗೆಯಲಿಲ್ಲ. ನೀರಿನ ಹೊಳಪನ್ನು ನಾವು ಓರೆಯಾಗಿ ನೋಡುತ್ತೇವೆ. ಗಾಜಿಗಾದರೂ ನೀರಿಗಾದರೂ ಹಾಗೆ ಓರೆಯಾಗಿ, ಐವತ್ತು ಐವತ್ತೈದು ಡಿಗ್ರಿಯ ಹತ್ತಿರ ನೋಡಿದಾಗಲೇ ಆ ಫಿಲ್ಟರ್ ಪೂರ್ತಿ ಕೆಲಸ ಮಾಡುವುದು. ಮಗು ಎದುರಿಗೆ ನೇರವಾಗಿ ಕೂತಾಗ ಅದರಿಂದ ಏನೂ ಉಪಯೋಗ ಇಲ್ಲ. ರಿಂಗ್ ಲೈಟ್ ತಂದೆ. ಪ್ರತಿ ಗ್ಲಾಸಿನಲ್ಲೂ ಒಂದೊಂದು ಬಿಳಿ ಬಳೆ ಬಂತು. ಹಳೇ ಸ್ಟುಡಿಯೋಗಳಲ್ಲಿ ಗ್ಲಾಸ್ ಇಲ್ಲದ ಖಾಲಿ ಫ್ರೇಮ್ ಇಟ್ಟಿರುತ್ತಿದ್ದರು. ಅದನ್ನೂ ನೋಡಿದೆ. ಮಗುವಿನದ್ದಲ್ಲದ ಫ್ರೇಮ್ ಮಗುವಿನ ಮುಖಕ್ಕೆ ಕೂರುವುದಿಲ್ಲ. ಫೋಟೋಶಾಪಿನಲ್ಲಿ ಕೂತು ಒಂದೊಂದೇ ತಿದ್ದಿದೆ. ಹೊಳಪು ಕಣ್ಣಿನ ಗುಡ್ಡೆಯ ಮೇಲೇ ಬಿದ್ದಿದ್ದರೆ ಅದರ ಕೆಳಗೆ ತಿದ್ದುವುದಕ್ಕೆ ಏನೂ ಉಳಿದಿರುವುದಿಲ್ಲ. ಒಂದು ಸಲ ಹುಡುಗನೊಬ್ಬನ ಬಲಗಣ್ಣನ್ನು ಕಾಪಿ ಮಾಡಿ, ತಿರುಗಿಸಿ ಎಡಕ್ಕೆ ಅಂಟಿಸಿದೆ. ಲೈಟಿನ ಚುಕ್ಕೆ ಒಂದು ಕಣ್ಣಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ. ಆ ಫೋಟೋವನ್ನು ನಾನು ಕೊಡಲಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಕೇರಂ ಬೋರ್ಡಿನ ಲೆಕ್ಕದಲ್ಲಿ. ಸ್ಟ್ರೈಕರ್ ಅಂಚಿಗೆ ಯಾವ ಓರೆಯಲ್ಲಿ ಬಡಿಯುತ್ತದೋ ಅದೇ ಓರೆಯಲ್ಲಿ ಆ ಕಡೆಗೆ ಹೋಗುತ್ತದೆ. ಬೆಳಕೂ ಹಾಗೇ. ಲೈಟಿನಿಂದ ಹೊರಟು ಕನ್ನಡಕಕ್ಕೆ ಬಡಿದು ಹೊರಬಂದ ಬೆಳಕು ಎಲ್ಲಿಗೆ ಹೋಗುತ್ತದೆ ಅನ್ನುವುದಷ್ಟೇ ಪ್ರಶ್ನೆ. ಅದು ನನ್ನ ಕ್ಯಾಮೆರಾಗೆ ಬರಬಾರದು, ನೆಲಕ್ಕೆ ಹೋಗಬೇಕು. ಕ್ಯಾಮೆರಾ ಮೇಲಿನ ಫ್ಲಾಶ್ ನೇರ ಹೋಗಿ ನೇರ ವಾಪಸ್ ಬರುತ್ತದೆ. ಸಾಫ್ಟ್‌ಬಾಕ್ಸನ್ನು, ಅಂದರೆ ಮುಂದೆ ಬಿಳಿ ಬಟ್ಟೆ ಕಟ್ಟಿದ ಡಬ್ಬಿಯಂಥ ಲೈಟನ್ನು, ಒಂದು ಪಕ್ಕಕ್ಕೆ ಸರಿಸಿ, ಎತ್ತರಕ್ಕೆ ಏರಿಸಿ, ಮಗುವಿನ ಕಡೆ ಬಗ್ಗಿಸಿದರೆ ಬೆಳಕು ಗ್ಲಾಸಿಗೆ ಬಡಿದು ಕೆಳಕ್ಕೆ ಜಾರುತ್ತದೆ.

ಎಷ್ಟು ಎತ್ತರ? ಇದಕ್ಕೆ ಟೇಪು ಹಿಡಿದು ಅಳೆಯುವ ಉತ್ತರ ನನ್ನ ಹತ್ತಿರ ಇಲ್ಲ, ಆದರೆ ಹುಡುಕುವ ಉಪಾಯ ಇದೆ. ಮಕ್ಕಳು ಬರುವುದಕ್ಕೆ ಮೊದಲು ನನ್ನ ಸಹಾಯಕ ಹುಡುಗ ಸ್ಟೂಲ್ ಮೇಲೆ ಕೂರುತ್ತಾನೆ, ಮಗುವಿನ ಎತ್ತರಕ್ಕೆ ಬಗ್ಗಿ. ಅವನಿಗೆ ನನ್ನ ಓದುವ ಕನ್ನಡಕ ಹಾಕುತ್ತೇನೆ. ಸಾಫ್ಟ್‌ಬಾಕ್ಸಿನ ಒಳಗೆ ಫ್ಲಾಶಿನ ಜೊತೆ ಇರುವ, ಆರದೆ ಉರಿಯುವ ಮಾಡೆಲಿಂಗ್ ಲ್ಯಾಂಪ್ ಹಚ್ಚುತ್ತೇನೆ. ಕ್ಯಾಮೆರಾ ಇರುವ ಜಾಗದಿಂದ ನೋಡುತ್ತಾ ಸ್ಟ್ಯಾಂಡನ್ನು ನಿಧಾನ ಏರಿಸುತ್ತೇನೆ. ಗ್ಲಾಸಿನೊಳಗಿನ ಬಿಳಿ ಚೌಕ ಮೇಲೆ ಮೇಲೆ ಹೋಗುತ್ತಾ ಫ್ರೇಮಿನ ಅಂಚು ದಾಟಿ ಮಾಯವಾಗುತ್ತದೆ. ಅಲ್ಲಿಂದ ಇನ್ನೂ ಒಂದು ಗೇಣು ಏರಿಸಿ ನಿಲ್ಲಿಸುತ್ತೇನೆ. ಅದಕ್ಕಿಂತ ಜಾಸ್ತಿ ಏರಿಸಬಾರದು. ಏರಿಸಿದರೆ ಫ್ರೇಮಿನ ನೆರಳು ಕಣ್ಣಿನ ಮೇಲೆ ಬಿದ್ದು ಮಗು ಸುಸ್ತಾದ ಹಾಗೆ ಕಾಣುತ್ತದೆ. ನೆರಳು ತೆಗೆಯಲು ತೊಡೆಯ ಮೇಲೆ ಥರ್ಮಾಕೋಲ್ ಶೀಟ್ ಇಡುವ ಅಭ್ಯಾಸ ನಮಗೆಲ್ಲ ಇದೆ. ಕನ್ನಡಕದ ಮಗುವಿಗೆ ಅದನ್ನು ಹುಷಾರಾಗಿ ಇಡಬೇಕು. ಗದ್ದ ಸ್ವಲ್ಪ ಜಾಸ್ತಿ ಕೆಳಗಾದರೂ ಆ ಬಿಳಿ ಶೀಟು ಗ್ಲಾಸಿನ ತಳದಲ್ಲಿ ಗೆರೆಯಾಗಿ ಕಾಣುತ್ತದೆ. ನಾನು ಅದನ್ನು ಈಗ ಲೈಟಿನ ಎದುರು ಪಕ್ಕಕ್ಕೆ ನಿಲ್ಲಿಸುತ್ತೇನೆ.

ಲೈಟು ಇಟ್ಟ ಮೇಲೂ ಕೆಲವು ಮಕ್ಕಳ ಕನ್ನಡಕ ಹೊಳೆಯುತ್ತದೆ. ಆಗ ಕಿವಿಯ ಹಿಂದೆ ಕೂತಿರುವ ಕಡ್ಡಿಯನ್ನು ಒಂದು ಬೆರಳಿನ ದಪ್ಪಕ್ಕಿಂತ ಕಡಿಮೆ ಮೇಲೆತ್ತಿದರೆ ಸಾಕು. ಮೂಗಿನ ಮೇಲೆ ಫ್ರೇಮ್ ಚೂರು ಮುಂದಕ್ಕೆ ಬಾಗುತ್ತದೆ, ಹೊಳಪು ನೆಲ ನೋಡುತ್ತದೆ. ಮುಂದಿನಿಂದ ತೆಗೆದ ಫೋಟೋದಲ್ಲಿ ಇದು ಗೊತ್ತೇ ಆಗುವುದಿಲ್ಲ. ಎರಡು ಜಡೆಯ ಹುಡುಗಿಯರಲ್ಲಂತೂ ಕೂದಲೇ ಮುಚ್ಚಿಕೊಳ್ಳುತ್ತದೆ. ಆದರೆ ನಾನು ಸುಮ್ನೆ ಕೈ ಹಾಕುವುದಿಲ್ಲ. "ಕನ್ನಡಕ ಸ್ವಲ್ಪ ಎತ್ತಲಾ ಪುಟ್ಟಾ?" ಅಂತ ಕೇಳುತ್ತೇನೆ. ದೊಡ್ಡ ಹುಡುಗಿಯರಾದರೆ ಟೀಚರ್ ಹತ್ತಿರ ಹೇಳಿಸುತ್ತೇನೆ.

ಕನ್ನಡಕದ ನಂಬರ್ ಗೊತ್ತಿದ್ದರೆ ಕೆಲಸ ಇನ್ನೂ ಸುಲಭ. ಮೈನಸ್ ನಂಬರಿನ, ಅಂದರೆ ದೂರದ್ದು ಮಸುಕಾಗಿ ಕಾಣುವವರ, ಗ್ಲಾಸಿನ ಮುಂದಿನ ಮೈ ಹೆಚ್ಚುಕಡಿಮೆ ಚಪ್ಪಟೆ. ಹೊಳೆದರೆ ಇಡೀ ಗ್ಲಾಸ್ ಹೊಳೆಯುತ್ತದೆ, ಮುಖ ಕೂದಲೆಳೆ ತಿರುಗಿಸಿದರೆ ಪೂರ್ತಿ ಹೋಗುತ್ತದೆ. ಲೈಟಿನ ಕಡೆಗಲ್ಲ, ಅದರ ವಿರುದ್ಧ ಕಡೆಗೆ ತಿರುಗಿಸಬೇಕು. ಪ್ಲಸ್ ನಂಬರಿನದ್ದು ಉಬ್ಬಿರುತ್ತದೆ. ಉಬ್ಬಿದ ಗ್ಲಾಸ್ ಸುತ್ತಮುತ್ತಲಿನದ್ದನ್ನೆಲ್ಲ ಹಿಡಿಯುತ್ತದೆ. ಚುಕ್ಕೆ ಚಿಕ್ಕದು, ಆದರೆ ಹೋಗುವುದು ಕಷ್ಟ. ಅಂಥ ಮಗುವಿಗೆ ನಾನು ಇನ್ನೂ ಎರಡು ಹೆಜ್ಜೆ ಹಿಂದೆ ಹೋಗಿ ದೂರದ್ದನ್ನು ಹತ್ತಿರ ತೋರಿಸುವ 85 ಎಂಎಂ ಲೆನ್ಸಿನಲ್ಲಿ ತೆಗೆಯುತ್ತೇನೆ. ಚುಕ್ಕೆಯನ್ನು ಕಣ್ಣಿನ ಗುಡ್ಡೆಯಿಂದ ಆಚೆಗೆ ಸರಿಸಿದರೆ ಸಾಕು. ಸ್ವಲ್ಪ ಹೊಳಪು ಇದ್ದರೆ ಅದು ಕನ್ನಡಕ ಅಂತ ಗೊತ್ತಾಗುತ್ತದೆ, ತಪ್ಪೇನಿಲ್ಲ.

ಸಾದಾ ಪ್ಲಾಸ್ಟಿಕ್ ಗ್ಲಾಸ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎರಡೂ ಮೈ ಸೇರಿ ನೂರಕ್ಕೆ ಸುಮಾರು 8 ಭಾಗ ವಾಪಸ್ ಕಳಿಸುತ್ತದೆ. ಹೊಳಪು ತಡೆಯುವ ಕೋಟಿಂಗ್ ಇರುವುದು ಒಂದೆರಡು ಭಾಗ ಅಷ್ಟೇ. ಕೋಟಿಂಗ್ ಇದ್ದರೆ ಉಳಿದ ಹೊಳಪಿಗೆ ಹಸಿರೋ ನೀಲಿಯೋ ಬಣ್ಣ ಇರುತ್ತದೆ. ನನ್ನ ಕಡೆ ಬರುವ ಹೆಚ್ಚಿನ ಮಕ್ಕಳದು ಸಾದಾ ಗ್ಲಾಸೇ. ಹಾಗಾಗಿ ಸಾದಾ ಗ್ಲಾಸಿಗೆ ಸರಿಯಾಗುವಂತೆ ಲೈಟು ಇಟ್ಟರೆ ಎಲ್ಲರಿಗೂ ಸರಿಯಾಗುತ್ತದೆ.

ಫ್ಲಾಶನ್ನು ಚಾವಣಿಗೆ ಹೊಡೆಯುವ ಉಪಾಯವನ್ನು ತುಂಬ ಜನ ಹೇಳುತ್ತಾರೆ. ಬಿಳಿ ಬಣ್ಣದ ಆರ್‌ಸಿಸಿ ಕಟ್ಟಡದಲ್ಲಿ ಅದು ನಿಜವಾಗಿಯೂ ಚೆನ್ನ. ನಮ್ಮ ಮಲೆನಾಡಿನ ಹೆಂಚಿನ ಮಾಡಿನ ಶಾಲೆಗಳಲ್ಲಿ ಆ ಬೆಳಕು ಮೇಲೆ ಹೋಗಿ ಅಲ್ಲೇ ಕಳೆದುಹೋಗುತ್ತದೆ. ಗೋಡೆಗೆ ಹೊಡೆದರೆ, ಹಸಿರು ಬಣ್ಣದ ಗೋಡೆಯಾದರೆ, ಮಗುವಿನ ಕೆನ್ನೆಯೂ ಹಸಿರಾಗುತ್ತದೆ. ಜೂನ್ ತಿಂಗಳು ಅಂದರೆ ಮಳೆ, ಕರೆಂಟ್ ಇರುವುದಿಲ್ಲ. ಬ್ಯಾಟರಿ ಫ್ಲಾಶ್ ಇಟ್ಟುಕೊಂಡೇ ಹೋಗುತ್ತೇನೆ. ಮಾಡೆಲಿಂಗ್ ಲ್ಯಾಂಪಿಗೆ ಬದಲು ಟಾರ್ಚ್ ಹಿಡಿದು ಹೊಳಪು ನೋಡಿಕೊಳ್ಳುತ್ತೇನೆ.

ಗ್ರೂಪ್ ಫೋಟೋ ಬೇರೆಯದೇ ವಿಷಯ. ಅಲ್ಲಿ ಲೈಟು ನನ್ನ ಕೈಯಲ್ಲಿಲ್ಲ. ಮಕ್ಕಳ ಹಿಂದೆ ಏನಿದೆ ಅಂತ ಎಲ್ಲರೂ ನೋಡುತ್ತಾರೆ. ನಾನು ಮೊದಲು ತಿರುಗಿ ನನ್ನ ಹಿಂದೆ ಏನಿದೆ ಅಂತ ನೋಡುತ್ತೇನೆ. ಕನ್ನಡಕದಲ್ಲಿ ಕಾಣುವುದು ಅದೇ. ನನ್ನ ಹಿಂದೆ ಬಿಸಿಲು ಬಿದ್ದ ಬಿಳಿ ಕಟ್ಟಡ ಇದ್ದರೆ ಸಾಲಿನಲ್ಲಿರುವ ಎಲ್ಲ ಕನ್ನಡಕವೂ ಬಿಳಿ. ಮಾವಿನ ಮರವೋ ಅಡಿಕೆ ತೋಟವೋ ಇದ್ದರೆ ಕಣ್ಣು ಸ್ವಚ್ಛ ಕಾಣುತ್ತವೆ. ಒಂದು ಶಾಲೆಯಲ್ಲಿ ವರ್ಷ ವರ್ಷವೂ ಧ್ವಜಸ್ತಂಭದ ಹತ್ತಿರವೇ ನಿಲ್ಲಿಸುತ್ತಿದ್ದರು. ಹೆಡ್‌ಮಾಸ್ಟರಿಗೆ ಹಳೆಯ ಮತ್ತು ಹೊಸ ಫೋಟೋ ಎರಡನ್ನೂ ಪಕ್ಕದಲ್ಲಿ ಇಟ್ಟು ತೋರಿಸಿದ ಮೇಲೆ ಬೆಂಚುಗಳನ್ನು ತಿರುಗಿಸಲು ಒಪ್ಪಿದರು. ಇನ್ನೊಂದು ಮಾತು. ಎತ್ತರದ ಸ್ಟೂಲ್ ಮೇಲೆ ನಿಂತು ತೆಗೆಯಬೇಡಿ. ಮಕ್ಕಳು ಮುಖ ಎತ್ತಿ ನೋಡುತ್ತಾರೆ, ಗ್ಲಾಸಿನಲ್ಲಿ ಆಕಾಶ ತುಂಬಿಕೊಳ್ಳುತ್ತದೆ.

ಬಿಸಿಲಿಗೆ ಕಪ್ಪಾಗುವ ಗ್ಲಾಸಿನ ಮಕ್ಕಳಿಗೆ ಮುಂಚೆಯೇ ಹೇಳಿಡಬೇಕು. ಮೋಡ ಇದ್ದರೂ ಅದು ಕಪ್ಪಾಗುತ್ತದೆ, ಚಳಿಯಲ್ಲಿ ಇನ್ನೂ ಜಾಸ್ತಿ. ಒಳಗೆ ಬಂದ ತಕ್ಷಣ ತಿಳಿಯಾಗುವುದಿಲ್ಲ, ಸುಮಾರು ಹೊತ್ತು ಬೇಕು. ಐಡಿ ಕಾರ್ಡಿನ ದಿನ ಅಂಥವರನ್ನು ಕ್ಲಾಸಿನ ಒಳಗೇ ಕೂರಿಸಿ, ಕೊನೆಗೆ ಕರೆಸುತ್ತೇನೆ. ಗ್ರೂಪಿನಲ್ಲಿ ಕನ್ನಡಕವನ್ನು ಡಬ್ಬಿಯಲ್ಲೇ ಇಟ್ಟುಕೊಂಡು ನಿಲ್ಲಲು ಹೇಳುತ್ತೇನೆ. ಎಲ್ಲರೂ ಸರಿಯಾಗಿ ನಿಂತ ಮೇಲೆ "ಈಗ ಹಾಕ್ಕೊಳ್ರೋ" ಅಂದು ಕೂಡಲೇ ಮೂರು ನಾಲ್ಕು ಕ್ಲಿಕ್ ಮಾಡುತ್ತೇನೆ.

ದಪ್ಪ ಮೈನಸ್ ಗ್ಲಾಸಿನ ಮಗುವಿನ ಕಣ್ಣು ಚಿಕ್ಕದಾಗಿ ಕಾಣುತ್ತದೆ, ಕೆನ್ನೆಯ ಅಂಚು ಗ್ಲಾಸಿನೊಳಗೆ ಒಳಸರಿದ ಹಾಗೆ ಕಾಣುತ್ತದೆ. ಅದನ್ನು ತಿದ್ದಿಕೊಡಿ ಅಂತ ಕೆಲವು ಅಪ್ಪ ಅಮ್ಮಂದಿರು ಕೇಳುತ್ತಾರೆ. ನಾನು ತಿದ್ದುವುದಿಲ್ಲ. ಎದುರಿಗೆ ನಿಂತವರಿಗೂ ಆ ಮಗು ಹಾಗೆಯೇ ಕಾಣುತ್ತದೆ. ಮುಖ ನೇರ ಇಟ್ಟರೆ ಅದು ಕಡಿಮೆ ಕಾಣುತ್ತದೆ, ಪಕ್ಕಕ್ಕೆ ತಿರುಗಿದಷ್ಟೂ ಜಾಸ್ತಿ. ಅಷ್ಟು ಮಾತ್ರ ನೋಡಿಕೊಳ್ಳುತ್ತೇನೆ.

"ಫೋಟೋದಲ್ಲಿ ಕನ್ನಡಕ ಇರಬಾರದು ಅಂತ ರೂಲ್ಸ್ ಇದೆ ಅಲ್ವಾ" ಅಂತ ಕೇಳುವ ಟೀಚರ್‌ಗಳೂ ಇದ್ದಾರೆ. ಅಮೆರಿಕದ ವೀಸಾ, ಪಾಸ್‌ಪೋರ್ಟ್ ಫೋಟೋಗಳಿಗೆ 2016ರ ನವೆಂಬರ್ 1ರಿಂದ ಹಾಗೆ ರೂಲ್ಸ್ ಇದೆ. ಶಾಲೆಯ ಕಾರ್ಡಿಗೆ ಅದನ್ನು ಯಾಕೆ ತರಬೇಕು? ಮಗು ದಿನಾ ಕನ್ನಡಕ ಹಾಕಿಕೊಂಡೇ ಬರುತ್ತದೆ. ಬಸ್ಸಿನಲ್ಲಿ, ಪರೀಕ್ಷೆ ಹಾಲಿನಲ್ಲಿ ಕಾರ್ಡು ನೋಡುವವರು ನೋಡುವುದು ಆ ಮುಖವನ್ನೇ. ಅಲ್ಲದೆ ಮೈನಸ್ ನಂಬರಿನ ಮಗುವಿಗೆ ಕನ್ನಡಕ ತೆಗೆದರೆ ನನ್ನ ಕ್ಯಾಮೆರಾ ಎಲ್ಲಿದೆ ಅಂತಲೇ ಸರಿಯಾಗಿ ಕಾಣುವುದಿಲ್ಲ. ಕಣ್ಣು ಕಿರಿದು ಮಾಡುತ್ತದೆ. ಮೂಗಿನ ಮೇಲೆ ಫ್ರೇಮ್ ಒತ್ತಿದ ಎರಡು ಕೆಂಪು ಗುರುತು ಬೇರೆ.

ಇನ್ನು ಮಕ್ಕಳ ಮನಸ್ಸು. ಹೊಸದಾಗಿ ಕನ್ನಡಕ ಬಂದವರು ಸಾಲಿನಲ್ಲಿ ನಿಂತಾಗಲೇ ಅದನ್ನು ಜೇಬಿಗೆ ಹಾಕಿಬಿಡುತ್ತಾರೆ. ಹಿಂದಿನಿಂದ ಯಾರೋ "ಸೋಡಾಬುಡ್ಡಿ" ಅಂದಿರುತ್ತಾರೆ. ಅಂಥ ಮಗುವಿಗೆ ಉಪದೇಶ ಮಾಡಿದರೆ ಪ್ರಯೋಜನ ಇಲ್ಲ. ನಾನು ಎರಡೂ ತೆಗೆಯುತ್ತೇನೆ, ಕನ್ನಡಕ ಹಾಕಿದ್ದು ಒಂದು, ಹಾಕದ್ದು ಒಂದು. ಆಮೇಲೆ ಕನ್ನಡಕ ಹಾಕಿಕೊಂಡು ಬಂದು ಕ್ಯಾಮೆರಾ ಪರದೆ ನೋಡಲು ಹೇಳುತ್ತೇನೆ. ಹೊಳಪಿಲ್ಲದ, ಕಣ್ಣು ಚೆನ್ನಾಗಿ ಕಾಣುವ ಫೋಟೋ ಆಗಿದ್ದರೆ ಹೆಚ್ಚಿನವರು ಕನ್ನಡಕದ್ದನ್ನೇ ಆರಿಸುತ್ತಾರೆ. ಹಾಗಾಗಿಯೇ ಲೈಟಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೇನೆ. ನನ್ನ ಫೋಟೋ ಕೆಟ್ಟಿದ್ದರೆ, ಕನ್ನಡಕದಿಂದಲೇ ತಾನು ಚೆನ್ನಾಗಿಲ್ಲ ಅಂತ ಮಗು ತಿಳಿದುಕೊಳ್ಳುತ್ತದೆ.

ಶಾಲೆಗೆ ಹೋಗುವ ಹಿಂದಿನ ದಿನ ಟೀಚರಿಗೆ ಫೋನ್ ಮಾಡಿ ಮಕ್ಕಳಿಗೆ ಎರಡು ವಿಷಯ ಹೇಳಿಸುತ್ತೇನೆ. ರಾತ್ರಿ ಕನ್ನಡಕವನ್ನು ಸೋಪು ನೀರಿನಲ್ಲಿ ತೊಳೆದಿಡಿ. ತಲೆಗೆ ಹಾಕಿದ ಕೊಬ್ಬರಿ ಎಣ್ಣೆ ಬೆರಳಿನಿಂದ ಗ್ಲಾಸಿಗೆ ಬಂದಿರುತ್ತದೆ, ಒಣ ಬಟ್ಟೆಯಲ್ಲಿ ಒರೆಸಿದರೆ ಹೋಗುವುದಿಲ್ಲ. ಫ್ರೇಮ್ ಸಡಿಲ ಆಗಿದ್ದರೆ ಸ್ಕ್ರೂ ಬಿಗಿ ಮಾಡಿಸಿ. ಜಾರಿದ ಫ್ರೇಮಿನ ಮೇಲಂಚು ಸರಿಯಾಗಿ ಕಣ್ಣಿನ ಮೇಲೇ ಬರುತ್ತದೆ. ನನ್ನ ಬ್ಯಾಗಿನಲ್ಲಿ ಮೆತ್ತನೆ ಬಟ್ಟೆ ನಾಲ್ಕು, ಚಿಕ್ಕ ಸ್ಕ್ರೂ ಡ್ರೈವರ್ ಒಂದು ಯಾವಾಗಲೂ ಇರುತ್ತವೆ. ಮಳೆಯಲ್ಲಿ ನೆನೆದು ಬಂದವರ ಗ್ಲಾಸಿನ ಹನಿ ಒರೆಸಲಿಕ್ಕೇ ಎರಡು ಬಟ್ಟೆ ಬೇಕು.

ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರ ಹೆಸರನ್ನು ಬೇರೆ ಬರೆದುಕೊಳ್ಳುತ್ತೇನೆ, ಅವರ ಫೋಟೋ ಅವತ್ತು ತೆಗೆಯುವುದಿಲ್ಲ. ಈ ಜೂನ್‌ನಲ್ಲಿ ಒಂದು ಶಾಲೆಯಲ್ಲಿ ಅಂಥವರು 6 ಜನ ಇದ್ದರು. ಮುಂದಿನ ಗುರುವಾರ ಸ್ಟ್ಯಾಂಡು, ಸಾಫ್ಟ್‌ಬಾಕ್ಸು ಎಲ್ಲ ಬೈಕಿಗೆ ಕಟ್ಟಿಕೊಂಡು ಮತ್ತೆ ಹೋದೆ. ಐದು ಜನ ಹಾಕಿಕೊಂಡು ಬಂದಿದ್ದರು. ಆರನೆಯವನ ಕನ್ನಡಕ ಒಡೆದಿತ್ತಂತೆ, ಹೊಸದು ಬರಲು ಹತ್ತು ದಿನ ಬೇಕು ಅಂದ. ಅವನ ಕಾರ್ಡಿನ ಜಾಗ ಇನ್ನೂ ಖಾಲಿ ಇಟ್ಟಿದ್ದೇನೆ.