ಹತ್ತು ಗಿಗಾಬಿಟ್ ಕೇಬಲ್ ಸುಮ್ನೆ ಬಿದ್ದಿತ್ತು

ಪುಣೆಯ ಭೋಸರಿಯಲ್ಲಿ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಸರ್ವರ್ ಮುಟ್ಟೋಕೆ ನನ್ನಂಥವರಿಗೆ ಸಿಗುವ ದಿನವೂ ಅದೊಂದೇ.

ಅಲ್ಲಿನ ಒಂದು ಕಂಪನಿಯಲ್ಲಿ ಮೂರು ಲಿನಕ್ಸ್ ಸರ್ವರ್‌ಗಳು ಸಿಮ್ಯುಲೇಶನ್ ಓಡಿಸುತ್ತವೆ. ಫೈಲುಗಳೆಲ್ಲ ಇರುವುದು ಒಂದೇ ಸ್ಟೋರೇಜ್ ಸರ್ವರಿನಲ್ಲಿ. ಎಂಟು ಸಾಟಾ ಡಿಸ್ಕ್, ಎರಡು ಕೆಟ್ಟರೂ ಮಾಹಿತಿ ಉಳಿಯುವ ರೇಡ್ 6 ಜೋಡಣೆ, ನೆಟ್‌ವರ್ಕ್ ಮೇಲೆ ಫೈಲು ಹಂಚೋಕೆ ಎನ್‌ಎಫ್‌ಎಸ್. 10 ಗಿಗಾಬಿಟ್ ಕಾರ್ಡು, ಸ್ವಿಚ್ಚು ಎಲ್ಲ ಹಾಕಿಸಿದ್ದರು. ಆದರೂ ನಿಧಾನ. ಮಾಲೀಕರು ಇನ್ನೂ ವೇಗದ ಎನ್‌ವಿಎಂಇ ಡಿಸ್ಕಿಗೆ ಕೊಟೇಶನ್ ಕೂಡ ತರಿಸಿಟ್ಟಿದ್ದರು.

ಯಂತ್ರ ನೋಡಿಕೊಳ್ಳುವ ಹುಡುಗ ವಿಜಯಪುರದವನು. ನಾನು ಧಾರವಾಡದವನು ಅಂತ ಗೊತ್ತಾಗಿದ್ದೇ ಮರಾಠಿ ಬಿಟ್ಟ. "ಸರ, ಡಿಡಿ ಕಮಾಂಡ್ ಹಚ್ಚಿ ನೋಡೇನ್ರಿ. ಸೆಕೆಂಡಿಗೆ 2 ಜಿಬಿ ಓದತೈತಿ. ಆದ್ರ ಕೆಲಸ ಮಾತ್ರ ಮುಂದ ಹೋಗವಲ್ದು."

10 ಗಿಗಾಬಿಟ್ ಅಂದರೆ ಸೆಕೆಂಡಿಗೆ 1.25 ಜಿಬಿ (ಎಂಟು ಬಿಟ್ಟಿಗೆ ಒಂದು ಬೈಟು). ಅದಕ್ಕಿಂತ ಜಾಸ್ತಿ ಆ ಕೇಬಲ್ಲಿನಲ್ಲಿ ಬರೋಕೆ ಸಾಧ್ಯವೇ ಇಲ್ಲ, ಅಲ್ವಾ? ಅವನು ಆಗಷ್ಟೇ ಬರೆದ ಫೈಲನ್ನೇ ತಿರುಗಿ ಓದಿದ್ದ. ಅದು ತನ್ನದೇ ಸರ್ವರಿನ ರ‍್ಯಾಮಿನಿಂದ ಬಂದಿತ್ತು, ನೆಟ್‌ವರ್ಕ್ ಮುಟ್ಟಿಯೇ ಇರಲಿಲ್ಲ.

ನಾನು ಡಿಸ್ಕಿನ ವೇಗ ಅಳೆಯುವ ಫಿಯೊ ಹಾಕಿದೆ. ಡೈರೆಕ್ಟ್ 1 ಅಂತ ಕೊಟ್ಟೆ, ರ‍್ಯಾಮಿನಲ್ಲಿ ಉಳಿದ ನಕಲು, ಅಂದರೆ ಕ್ಯಾಶ್, ನಡುವೆ ಬರಬಾರದು ಅಂತ. 1 ಎಂಬಿ ಬ್ಲಾಕ್, ಸಾಲಾಗಿ ಓದುವ ಪರೀಕ್ಷೆ. ಸೆಕೆಂಡಿಗೆ 112 ಎಂಬಿ ಬಂತು. ಇನ್ನೊಂದು ಸರ್ವರಿನಲ್ಲಿ 111. ಡಿಸ್ಕ್ ಸುಸ್ತಾಗಿದ್ದರೆ ಅಂಕಿ ಮೇಲೆ ಕೆಳಗೆ ಆಡುತ್ತದೆ. ಇದು ಗೆರೆ ಎಳೆದ ಹಾಗೆ ನಿಂತಿತ್ತು. ನೆಟ್‌ವರ್ಕ್ ಕೆಲಸ ಮಾಡಿದವರಿಗೆ ಈ ಅಂಕಿ ಮುಖಪರಿಚಯದ್ದು: 1 ಗಿಗಾಬಿಟ್ ಲಿಂಕ್ ತುಂಬಿದಾಗ ಬರುವುದು ಹೆಚ್ಚುಕಡಿಮೆ ಇಷ್ಟೇ.

ಮೌಂಟ್ ವಿವರ, ಅಂದರೆ ಸ್ಟೋರೇಜಿನ ಫೋಲ್ಡರನ್ನು ಈ ಸರ್ವರಿಗೆ ಜೋಡಿಸಿದ ವಿವರ, ತೆಗೆದು ಸರ್ವರ್ ವಿಳಾಸ ನೋಡಿದೆ. ಆಫೀಸಿನ ಹಳೇ 1 ಗಿಗಾಬಿಟ್ ಲ್ಯಾನಿನದು! ಮೌಂಟ್‌ಗಳ ಪಟ್ಟಿ ಇರುವ ಎಫ್‌ಸ್ಟ್ಯಾಬ್ ಫೈಲಿನಲ್ಲಿ ಬರೆದಿದ್ದ ಹೆಸರು ಆ ವಿಳಾಸಕ್ಕೇ ಹೋಗುತ್ತಿತ್ತು. ಕೇಬಲ್ ಹಾಕಿ ಹೋದವರು ಅದನ್ನು ಬದಲಿಸಿರಲಿಲ್ಲ. ಹೊಸ ಕೇಬಲ್ಲಿನ ದೀಪ ಮಾತ್ರ ಉರಿಯುತ್ತಿತ್ತು.

ವಿಳಾಸ ಬದಲಿಸಿ ಮತ್ತೆ ಮೌಂಟ್ ಮಾಡಿದೆ. ಮೌಂಟ್ ಆಯಿತು. ಸಣ್ಣ ಫೋಲ್ಡರ್ ತೆರೆಯಿತು. ದೊಡ್ಡ ಫೈಲು ಓದೋಕೆ ಹೋದರೆ ಟರ್ಮಿನಲ್ ಹಾಗೇ ನಿಂತುಬಿಟ್ಟಿತು. ಹುಡುಗ ನನ್ನ ಮುಖ ನೋಡಿದ. ಸಣ್ಣದು ನಡೆದು ದೊಡ್ಡದು ನಿಂತರೆ ನಾನು ಮೊದಲು ಅನುಮಾನಪಡುವುದು ಎಂಟಿಯು ಮೇಲೆ, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿಯ ಮೇಲೆ. ಎರಡೂ ತುದಿಯ ಸರ್ವರಿನಲ್ಲಿ 9000 ಬೈಟು ಇತ್ತು. ಪ್ಯಾಕೆಟ್ ತುಂಡು ಮಾಡಬೇಡ ಅಂತ ಹೇಳಿ 8972 ಬೈಟಿನ ಪಿಂಗ್ ಕಳಿಸಿದೆ (ಉಳಿದ 28 ಬೈಟು ಹೆಡರಿಗೆ). ಉತ್ತರವಿಲ್ಲ. 1472ಕ್ಕೆ ತಕ್ಷಣ ಬಂತು. ಸ್ವಿಚ್ಚಿನಲ್ಲಿ ಜಂಬೊ ಫ್ರೇಮ್ (1500 ಬೈಟಿಗಿಂತ ದೊಡ್ಡ ಪ್ಯಾಕೆಟ್) ಆನ್ ಆಗಿರಲಿಲ್ಲ, ಅಷ್ಟೇ.

ಅದನ್ನು ಆನ್ ಮಾಡಿದ ಮೇಲೆ ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3ರಲ್ಲಿ 9.8 ಗಿಗಾಬಿಟ್, ಫಿಯೊದಲ್ಲಿ 640 ಎಂಬಿ. ಈಗ ಅಡ್ಡಿ ನಿಜವಾಗಿಯೂ ಡಿಸ್ಕ್. ಆಸೆಗೆ ಎನ್‌ಕನೆಕ್ಟ್ 8 ಕೊಟ್ಟು ಕನೆಕ್ಷನ್ ಹೆಚ್ಚಿಸಿಯೂ ನೋಡಿದೆ, ಒಂದು ಎಂಬಿಯೂ ಏರಲಿಲ್ಲ.

ಸಣ್ಣ ಫೈಲುಗಳ ಗೋಳು ಬೇರೆ. ಸಿಮ್ಯುಲೇಶನ್ ಸಾವಿರಾರು ಚಿಕ್ಕ ಫೈಲು ಬರೆಯುತ್ತದೆ. ಎಕ್ಸ್‌ಪೋರ್ಟ್, ಅಂದರೆ ಸ್ಟೋರೇಜ್ ಫೋಲ್ಡರ್ ಹಂಚುವ ಸೆಟ್ಟಿಂಗ್, ಸಿಂಕ್‌ನಲ್ಲಿದ್ದರೆ ಡಿಸ್ಕಿಗೆ ಬಿದ್ದ ಮೇಲೆಯೇ ಸರ್ವರ್ ಆಯಿತು ಅನ್ನುವುದು. "ಎಸಿಂಕ್ ಮಾಡಿಬಿಡ್ರಿ ಸರ, ಹಾರತೈತಿ" ಅಂದ ಹುಡುಗ. ಎಸಿಂಕ್‌ನಲ್ಲಿ ಡಿಸ್ಕಿಗೆ ಬೀಳುವ ಮೊದಲೇ ಸರ್ವರ್ ಆಯಿತು ಅಂದುಬಿಡುತ್ತದೆ. ಹಾರುತ್ತದೆ, ನಿಜ. ಆದರೆ ಕರೆಂಟ್ ಹೋದರೆ ಬರೆದಾಯಿತು ಅಂದದ್ದೂ ಹೋಗಬಹುದು. ಅವರ ಸ್ಟೋರೇಜಿಗೆ ಯುಪಿಎಸ್ ಬ್ಯಾಟರಿ ಎಷ್ಟು ಹಳೆಯದು ಅಂತ ನೋಡಿದ್ದೆ, ಒಪ್ಪಲಿಲ್ಲ. ತಾತ್ಕಾಲಿಕ ಫೈಲುಗಳನ್ನು ಆಯಾ ಸರ್ವರಿನ ಒಳಗಿನ ಎಸ್‌ಎಸ್‌ಡಿಗೆ ತಿರುಗಿಸಿ, ಕೆಲಸ ಮುಗಿದಾಗ ಒಂದೇ ಟಾರ್ ಫೈಲಾಗಿ ಸ್ಟೋರೇಜಿಗೆ ಹೋಗುವ ಹಾಗೆ ಸ್ಕ್ರಿಪ್ಟ್ ಬರೆದೆ. ನಾಲ್ಕು ತಾಸಿನ ಕೆಲಸ ಎರಡೂವರೆಗೆ ಇಳಿಯಿತು.

ಕೊಟೇಶನ್ ಸದ್ಯಕ್ಕೆ ಡ್ರಾಯರಿನಲ್ಲಿದೆ. ಆ ದುಡ್ಡಿನಲ್ಲಿ ಮೊದಲು ಯುಪಿಎಸ್ ಬ್ಯಾಟರಿ ಬದಲಿಸಿ ಅಂತ ಮಾಲೀಕರಿಗೆ ಹೇಳಿ ಬಂದೆ.